ಅವರೆಕಾಯಿ ಮುಗಿಯುವ ತನಕ

ಐವತ್ತೊಂಬತ್ತು ವರ್ಷ ನಾನು ಒನ್ನಮ್ಮನಾಗಿದ್ದೆ. ಹೆತ್ತವಳು ಕೂಗಿದ್ದು ಹಾಗೆ, ಕಟ್ಟಿಕೊಂಡವನು ಕೂಗಿದ್ದು ಹಾಗೆ, ಕಾವಲು ಕಚೇರಿಯ ಆಳುಗಳ ಪಟ್ಟಿಯಲ್ಲಿ ಬರೆದುಕೊಂಡದ್ದೂ ಹಾಗೆಯೇ. ನಮ್ಮೂರಲ್ಲಿ ಹಾಲು ಅಂದರೆ ಆಲು, ಹೂವು ಅಂದರೆ ಊವು, ಹಸು ಅಂದರೆ ಅಸು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಬಾಗಿಲುಗಳಿಗೂ ಅಭ್ಯಾಸವಾಗಿತ್ತು.

ನಮ್ಮೂರ ಬಾಗಿಲುಗಳಿಗೆ ಬೀಗವಿಲ್ಲ. ಮನೆಗೊಂದು ಮಾತು ಇರುತ್ತದೆ. ಹೊಸ್ತಿಲ ಮುಂದೆ ನಿಂತು ಆ ಮಾತು ಹೇಳಿದರೆ ಬಾಗಿಲು ಕೇಳಿಸಿಕೊಂಡು, ಒಂದು ಗಳಿಗೆ ಯೋಚನೆ ಮಾಡಿ, ತೆರೆದುಕೊಳ್ಳುತ್ತದೆ. ಕೆಲವರು ಸತ್ತ ಎಮ್ಮೆಯ ಹೆಸರು ಇಟ್ಟುಕೊಂಡಿದ್ದರು, ಕೆಲವರು ಅತ್ತೆಗೆಂದೇ ಕೂಡಿಟ್ಟ ಬೈಗುಳ. ಪಕ್ಕದ ಮನೆಯ ಪುಟ್ನಂಜಮ್ಮ ಸತ್ತ ಗಂಡನ ಹೆಸರನ್ನೇ ಇಟ್ಟುಕೊಂಡಿದ್ದಳು. ಅವನು ಬದುಕಿದ್ದಾಗಲೂ ಅವಳ ಬಾಯಲ್ಲಿ ಆ ಹೆಸರು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕಿಂತ ಭದ್ರವಾದ ಮಾತು ಊರಲ್ಲೇ ಇಲ್ಲವೆಂದು ನಾವೆಲ್ಲ ನಗುತ್ತಿದ್ದೆವು. ಬಾಗಿಲುಗಳನ್ನು ಮಾಡುವುದು ಪೇಟೆಯ ಕೊನೆಯಲ್ಲಿರುವ ಕಂಪನಿ. ಬಾಗಿಲು ಏನನ್ನು ಒಪ್ಪಬೇಕು, ಏನನ್ನು ಬಿಡಬೇಕು ಎಂದು ಅದಕ್ಕೆ ಹೇಳಿಕೊಡುವವರೂ ಅವರೇ. ಕಂಪನಿಯವರು ಅದನ್ನು ಸಾಫ್ಟ್‌ವೇರ್ ಅನ್ನುತ್ತಾರೆ, ನಾವು ಪಾಠ ಅನ್ನುತ್ತೇವೆ.

ಕಾವಲು ಕಚೇರಿಯಲ್ಲಿ ನನ್ನದು ಕಾಗದ ಹರಿಯುವ ಕೆಲಸ. ಬೇಡವಾದ ಕಾಗದಗಳನ್ನು ಹರಿದು, ತೊಟ್ಟಿಯಲ್ಲಿ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬಿದಿರಿನ ಮೊರಕ್ಕೂ ಪುಟ್ಟಿಗೂ ಮೆತ್ತಿ ಒಣಗಿಸಿ, ಮನೆಮನೆಗೆ ಹೊತ್ತು ಮಾರಿ ಬರಬೇಕು. ಸುಟ್ಟರೆ ಹೊಗೆ ಎಂದು ಯಾವನೋ ಸಾಹೇಬ ಹಿಂದೆ ಮಾಡಿದ್ದ ಏರ್ಪಾಡು. ಊರಿನ ಗುಟ್ಟುಗಳೆಲ್ಲ ಹೀಗೆ ಪುಟ್ಟಿಗಳಾಗಿ ಮನೆಮನೆ ಸೇರಿ, ರಾಗಿ ಹಿಟ್ಟು ತುಂಬಿಕೊಂಡು ಕೂತಿವೆ. ಆ ಕೆಲಸಕ್ಕೆ ಬೇಕಾದ ಅರ್ಹತೆ ಒಂದೇ: ಓದು ಬರಬಾರದು. ಸೇರಿಸಿಕೊಂಡ ದಿನ ದಫೇದಾರ್ ಕೆಂಚಪ್ಪ ಒಂದು ಕಾಗದವನ್ನು ತಲೆಕೆಳಗಾಗಿ ಹಿಡಿದು, "ಏನೈತೆ ಏಳು ನೋಡಾನ," ಅಂದ. "ಇರುವೆ ಸಾಲು ಓಯ್ತಾ ಇದ್ದಂಗೈತೆ," ಅಂದೆ. ಅವನು ಮೆಚ್ಚಿಕೊಂಡು ಪಟ್ಟಿಯಲ್ಲಿ ಬರೆದುಕೊಂಡ: ಒನ್ನಮ್ಮ, ಓದು ಬಾರದು. ಅಂದು ಅದು ನಿಜವೇ ಆಗಿತ್ತು.

ಆಮೇಲೆ ಸಿದ್ಲಿಂಗಪ್ಪ ಮೇಷ್ಟ್ರು ನಿಂತುಹೋದ ಗಾಣದ ಮನೆಯಲ್ಲಿ ಹೆಂಗಸರಿಗೆ ರಾತ್ರಿ ಶಾಲೆ ತೆರೆದರು. ಅಷ್ಟು ಹೊತ್ತಿಗೆ ನನ್ನ ಹಲ್ಲುಗಳೆಲ್ಲ ಉದುರಿ, ಕಟ್ಟಿಸಿಕೊಂಡ ಹಲ್ಲು ಸೆಟ್ಟು ಬಾಯಲ್ಲಿ ಕಟಕಟ ಅನ್ನುತ್ತಿತ್ತು. ಹನ್ನೊಂದು ಜನ ಹೋಗುತ್ತಿದ್ದೆವು. ನಾನು ಅದನ್ನು ಕಚೇರಿಯಲ್ಲಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅಕ್ಷರ ಕೂಡಿಸಿ ಓದಲು ನನಗೆ ಎರಡು ವರ್ಷ ಹಿಡಿಯಿತು. ಬೇಸರವಾಗಲಿಲ್ಲ, ಮೊರ ಒಣಗುವುದನ್ನು ಕಾಯುತ್ತ ಕೂತವಳಿಗೆ ಎರಡು ವರ್ಷ ಏನೂ ಅಲ್ಲ. ಒಂದು ದಿನ ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ನೀನೇ ಬರೆಯಮ್ಮ ಎಂದರು. ಒ ಬರೆದೆ. ಮೇಷ್ಟ್ರು ತಲೆಯಾಡಿಸಿದರು. "ಅಂಗೈನ ಬಾಯಿ ಮುಂದೆ ಇಟ್ಕೊಳಮ್ಮ. ಒ ಅನ್ನು. ಏನಾದ್ರೂ ತಾಗ್ತಾ? ಈಗ ಹೊ ಅನ್ನು." ಅಂದೆ. ಅಂಗೈಗೆ ಬಿಸಿ ತಾಗಿತು. "ಅದೇ ಹಕಾರ. ಉಸಿರು. ಇಷ್ಟು ವರ್ಷ ನಿನ್ನ ಹೆಸರಿನ ಉಸಿರನ್ನೇ ನುಂಗಿಬಿಟ್ಟಿದ್ರು ಎಲ್ಲರೂ," ಅಂದರು. ಅವತ್ತು ಹೊನ್ನಮ್ಮ ಎಂದು ಬರೆದೆ. ಬರೆದ ಮೇಲೂ ಊರು ಒನ್ನಮ್ಮ ಅಂತಲೇ ಕೂಗಿತು. ನಾನೂ ಓಗೊಟ್ಟೆ.

ಪುಟ್ನಂಜಮ್ಮ ಮಾತ್ರ ಹೇಗೂ ಕೂಗುತ್ತಿರಲಿಲ್ಲ. ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ನಮ್ಮ ನಲ್ಲಿ ಬೀದಿಯ ನೀರನ್ನು ಕಾವಲು ಕಚೇರಿಯ ಸಾಹೇಬರ ಬಂಗಲೆಯ ಗುಲಾಬಿ ತೋಟಕ್ಕೆ ತಿರುಗಿಸಿದಾಗ ಏಳು ಜನ ಹೆಂಗಸರು ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ಅವಳ ಟ್ರಂಕಿನಲ್ಲಿ ಇಟ್ಟಿದ್ದರು. ಕೊಡುವ ಮೊದಲೇ ಕಾವಲಿನವರು ಏಳೂ ಜನರನ್ನು ಹೆಸರು ಹಿಡಿದು ಕರೆಸಿ, ಕಚೇರಿಯ ಮುಂದೆ ಹಗಲಿಡೀ ಬಿಸಿಲಲ್ಲಿ ನಿಲ್ಲಿಸಿದರು. ಸಂಜೆಗೆ ಪುಟ್ನಂಜಮ್ಮ ಕುಸಿದಳು. ಬಾಯಿಯ ಬಲಗಡೆ ಸೊಟ್ಟಗಾಯಿತು, ಮಾತು ತೊದಲಾಯಿತು. ಆ ತೊದಲಿನಲ್ಲೇ ಬೀದಿಗೆಲ್ಲ ಕೇಳುವಂತೆ ಅಂದಳು: "ಆ ಕಚೇರಿ ಅನ್ನ ತಿನ್ನೋಳೇ ಏಳಿರೋದು. ಇನ್ಯಾರು ಏಳ್ತಾರೆ?" ಬೀದಿಯವರೂ ನಂಬಿದರು. ನಾನಾಗಿದ್ದರೆ ನಾನೂ ನಂಬುತ್ತಿದ್ದೆ. ಎರಡು ವರ್ಷ ನನ್ನ ಮನೆಗೆ ಯಾರೂ ಒಂದು ಹಿಡಿ ಸೊಪ್ಪು ಕೇಳಲು ಬರಲಿಲ್ಲ.

ಅವರೆಕಾಯಿ ಆಗಷ್ಟೇ ಸಂತೆಗೆ ಬರಲು ಶುರುವಾಗಿತ್ತು. ತೊಟ್ಟಿಯ ಹತ್ತಿರ ಕೂತು ಕಾಗದ ಹರಿಯುತ್ತಿದ್ದೆ. ನಡುವೆ ಒಂದು ದಪ್ಪ ಹಾಳೆ ಕೈಗೆ ಬಂತು. ಹರಿಯುವ ಮೊದಲು ಮೇಲಿನ ಸಾಲಿನ ಮೇಲೆ ಕಣ್ಣಾಡಿಸುವುದು ನನಗೆ ಚಟವಾಗಿಬಿಟ್ಟಿತ್ತು. 'ಬಾಗಿಲ ಮಾತು ತಿಳಿಯದೆ ಒಳಹೋಗುವ ವಿಧಾನ. ಕಂಪನಿಗೆ ತಿಳಿಸತಕ್ಕದ್ದಲ್ಲ' ಎಂದಿತ್ತು. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದೆ. 'ಬಾಗಿಲಿನ ಮುಂದೆ ನಿಂತು, ಹಲ್ಲಿಲ್ಲದವರ ದನಿಯಲ್ಲಿ, ತುಟಿ ಒಳಗೆಳೆದುಕೊಂಡು ಮೂರು ಸಲ ಏನನ್ನಾದರೂ ಗೊಣಗುವುದು. ನಾಲ್ಕನೆಯ ಸಲ ಏನೂ ಹೇಳದೆ ನಿಟ್ಟುಸಿರು ಬಿಡುವುದು. ಬಾಗಿಲು ತೆರೆಯುತ್ತದೆ.' ಅಷ್ಟೇ. ಕೆಳಗೆ ಎಲ್ಲೆಲ್ಲಿ ಯಾವಾಗ ಹೊಕ್ಕರು ಎಂಬ ಪಟ್ಟಿ. ಅದರಲ್ಲಿ ಒಂದು ಸಾಲು: 'ನಲ್ಲಿ ಬೀದಿ, ಮೂರನೇ ಮನೆ. ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಅರ್ಜಿ. ಹೆಸರು ಏಳು. ಬರೆದುಕೊಂಡು ಹಾಗೆಯೇ ಇಡಲಾಗಿದೆ.'

ಹಿಂದಿನ ಅಂಗಳದಲ್ಲಿ ಕಾವಲಿನವರು ಸಾಲಾಗಿ ನಿಂತು ತುಟಿ ಮಡಚಿಕೊಂಡು ಉಂ ಉಂ ಅನ್ನುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನನ್ನಂಥ ಮುದುಕಿಯರನ್ನು ಅಣಕಿಸುತ್ತಿದ್ದಾರೆ ಎಂದುಕೊಂಡಿದ್ದೆ. ಅದು ತಾಲೀಮು! ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಹಾಳೆಯನ್ನು ಒಂದು ಹೊಸ ಪುಟ್ಟಿಯ ತಳಕ್ಕೆ ಹಾಸಿ, ಅಂಚಿಗೆ ಮಾತ್ರ ಮೆಂತ್ಯದ ಅಂಟು ಹಚ್ಚಿ, ಮೇಲೊಂದು ಹಳೆಯ ಬಟ್ಟೆ ಮುಚ್ಚಿ ಮನೆಗೆ ತಂದೆ. ಕದ್ದೆನೋ? ಪುಟ್ಟಿಗೆ ಮೆತ್ತೆಂದು ಕೊಟ್ಟರು, ಪುಟ್ಟಿಗೇ ಮೆತ್ತಿದ್ದೆ.

ಮೊದಲು ತೋರಿಸಿದ್ದು ಮೇಷ್ಟ್ರಿಗೆ. ಅವರು ಓದುತ್ತ ಓದುತ್ತ ನಿಂತೇಬಿಟ್ಟರು. "ಈಗಲೇ ಬರೆದು ಊರಿನ ಗೋಡೆ ಗೋಡೆಗೂ ಅಂಟಿಸೋಣ. ಎಲ್ಲರಿಗೂ ತಿಳೀಲಿ."

"ಎಲ್ರಿಗೂ ಅಂದ್ರೆ ಕಳ್ಳರಿಗೂ ಅಲ್ವಾ ಮೇಷ್ಟ್ರೇ? ಇವತ್ತು ಅಂಟಿಸಿದ್ರೆ ನಾಳೆ ಬಾಗಿಲು ರಿಪೇರಿ ಆಗ್ಬಿಡುತ್ತಾ? ಈಗ ಹನ್ನೆರಡು ಜನ ಕಾವಲಿನವರು ನುಗ್ತಾರೆ. ಆಮೇಲೆ ತುಟಿ ಮಡಚೋಕೆ ಬರೋರೆಲ್ಲ ನುಗ್ತಾರೆ."

"ಸುಮ್ಮನಿದ್ರೆ? ದಿನಕ್ಕೊಂದು ಮನೆ ಹೊಕ್ತಾ ಇರ್ತಾರೆ, ನಮಗೆ ಗೊತ್ತಿದ್ದೂ. ಆಗ ನಾವೂ ಅವರ ಜೊತೆ ಹೊಕ್ಕಂಗೆ ಅಲ್ವೇನಮ್ಮ?"

ಆ ಮಾತು ಚುಚ್ಚಿತು. "ಸುಮ್ನಿರ್ತೀನಿ ಅಂತ ಯಾರಂದ್ರು? ಬಾಗಿಲು ಮಾಡಿದೋರಿಗೆ ಮೊದ್ಲು ಹೇಳ್ತೀನಿ," ಅಂದೆ. ಮೇಷ್ಟ್ರು ನನ್ನನ್ನು ದಿಟ್ಟಿಸಿ, "ಹೆದರಿಕೆ ಏನಮ್ಮ ನಿನಗೆ?" ಎಂದು ಕೇಳಿದರು. ಹೆದರಿಕೆಯೇ. ಓದು ಬರುತ್ತದೆಂದು ತಿಳಿದರೆ ಆ ಕಚೇರಿಯವರು ನನ್ನನ್ನು ಬರೀ ಬಿಸಿಲಲ್ಲಿ ನಿಲ್ಲಿಸಿ ಬಿಡುತ್ತಿರಲಿಲ್ಲ. ಆದರೆ ನಾನು ಕಾಯೋಣ ಅಂದದ್ದು ಅದಕ್ಕಲ್ಲ. ಕಾದಷ್ಟು ದಿನವೂ ಬೀದಿಯ ಕಣ್ಣಲ್ಲಿ ಚಾಡಿಕೋರಳಾಗಿ ಬದುಕಬೇಕಿದ್ದವಳು ನಾನೇ. ಹಾಳೆಯನ್ನು ಪುಟ್ನಂಜಮ್ಮನ ಮುಖಕ್ಕೆ ಹಿಡಿದಿದ್ದರೆ ಒಂದು ಗಳಿಗೆಯಲ್ಲಿ ನಾನು ತೊಳೆದ ಮುತ್ತಾಗುತ್ತಿದ್ದೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹೋಗುತ್ತಿತ್ತು. ಹಿಡಿಯಲಿಲ್ಲ.

ಕಂಪನಿಯ ಮ್ಯಾನೇಜರು ರಂಗಪ್ರಸಾದ್ ಎನ್ನುವವರು. ಮೇಜಿನ ಮೇಲೆ ಪುಟ್ಟಿ ಇಟ್ಟಿದ್ದಕ್ಕೆ, "ವ್ಯಾಪಾರ ಎಲ್ಲ ಗೇಟಿನ ಹತ್ರ," ಅಂದರು. ಪುಟ್ಟಿಯನ್ನು ನೋಡಿದರೇ ಹೊರತು ನನ್ನ ಮುಖ ನೋಡಲಿಲ್ಲ. ಅಂಥವರು ನಮ್ಮಂಥವರ ಮುಖ ನೋಡುವುದಿಲ್ಲ. ಮೂಲೆಯಲ್ಲಿ ನಲವತ್ತೈದರ ಆಸುಪಾಸಿನ ಒಬ್ಬಾಕೆ ಕಂಪ್ಯೂಟರಿನ ಮುಂದೆ ಕೂತು ಬಾಗಿಲುಗಳ ಪಾಠ ಬರೆಯುತ್ತಿದ್ದಳು.

"ವ್ಯಾಪಾರ ಅಲ್ಲ ಸಾರ್. ನಿಮ್ಮ ಬಾಗಿಲಲ್ಲಿ ಒಂದು ತಪ್ಪಿದೆ. ಕಾವಲು ಕಚೇರಿಯವರು ಕಂಡುಹಿಡಿದು, ನಿಮಗೆ ಹೇಳದೆ ಬಚ್ಚಿಟ್ಕೊಂಡಿದ್ದಾರೆ. ಕಾಗದ ಇಲ್ಲಿದೆ," ಎಂದು ಒಂದೊಂದು ಹಕಾರವನ್ನೂ ಸರಿಯಾಗಿ ಊದಿ ಹೇಳಿದೆ.

ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ಅವರ ಕಾಗದ ನಿಮ್ಮ ಕೈಗೆ ಹೇಗೆ ಬಂತು? ಕದ್ದ ಮಾಲು! ಓದಿದ್ರೆ ನಾವೂ ಕಳ್ಳರೇ ಆಗ್ತೀವಿ. ತೆಗೀರಿ, ತೆಗೀರಿ. ನಮ್ಮ ಲಾಯರು ಇಂಥದ್ದನ್ನ ನೋಡಲೇಬಾರದು ಅಂದಿದ್ದಾರೆ."

"ನಿಮ್ಮ ಮನೆ ಬಾಗಿಲೂ ಇದೇ ಕಂಪನಿದು ತಾನೆ ಸಾರ್?"

"ನೋಡಮ್ಮಾ, ನಮ್ಮ ಬಾಗಿಲುಗಳನ್ನ ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳೋರು ಕಾವಲು ಕಚೇರಿಯವರು. ಅವರು ತಪ್ಪಿದೆ ಅಂತ ಹೇಳಿಲ್ಲ ಅಂದ್ರೆ, ತಪ್ಪಿಲ್ಲ."

ನಾನು ಹಾಳೆಯನ್ನು ಪುಟ್ಟಿಯ ತಳದಿಂದ ಬಿಡಿಸಿ ಗಟ್ಟಿಯಾಗಿ ಓದಲು ಶುರುಮಾಡಿದೆ. ಮ್ಯಾನೇಜರು ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ, "ಕೇಳಿಸ್ತಾ ಇಲ್ಲ, ಕೇಳಿಸ್ತಾ ಇಲ್ಲ," ಎಂದು ಕೂಗತೊಡಗಿದರು. ಅಷ್ಟು ದೊಡ್ಡ ಮನುಷ್ಯರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಪೂರ್ತಿ ಓದಿ, ಹಾಳೆಯನ್ನು ಪುಟ್ಟಿಗೆ ಹಾಕಿಕೊಂಡು ಹೊರಬಂದೆ.

ಮೆಟ್ಟಿಲ ಹತ್ತಿರ ಹಿಂದಿನಿಂದ ಯಾರೋ, "ಅವ್ವಾ," ಅಂದರು. ಮೂಲೆಯಲ್ಲಿ ಕೂತಿದ್ದ ಆ ಹೆಂಗಸು, ವಿಶಾಲು. ಮುಖ ಬಿಳಿಚಿಕೊಂಡಿತ್ತು. "ಆ ನಿಟ್ಟುಸಿರಿಂದು ಇನ್ನೊಂದ್ಸಲ ಓದ್ತೀರಾ?" ಓದಿದೆ. ಅವಳು ಮೆಟ್ಟಿಲ ಮೇಲೆಯೇ ಕುಕ್ಕರಿಸಿದಳು. "ಆ ಪಾಠ ಬರೆದವಳು ನಾನೇ ಅವ್ವಾ. ಮೊದಮೊದಲು ಬಾಗಿಲುಗಳು ತುಂಬ ಕಟ್ಟುನಿಟ್ಟಾಗಿದ್ವು. ನಮ್ಮಮ್ಮನ ಹಲ್ಲು ಕೀಳಿಸಿದ ದಿನ ನಮ್ಮನೆ ಬಾಗಿಲು ಅವರನ್ನ ಒಳಗೆ ಬಿಡಲಿಲ್ಲ. ಮಧ್ಯಾಹ್ನವೆಲ್ಲ ಜಗಲಿ ಮೇಲೆ ರಕ್ತ ಉಗುಳ್ತಾ ಕೂತಿದ್ರು. ಅದಕ್ಕೇ ಹಲ್ಲಿಲ್ಲದವರ ದನಿ ಕೇಳಿದ್ರೆ ಕ್ಷಮಿಸು ಅಂತ ಬರೆದೆ. ಮೂರು ಸಲ ಸೋತು ಉಸಿರು ಬಿಟ್ರೆ, ಪಾಪ ಯಾರೋ ದಣಿದವರು, ತೆರೆದುಬಿಡು ಅಂತ." ಕಣ್ಣೊರೆಸಿಕೊಂಡು ಎದ್ದಳು. "ಇವತ್ತೇ ಅಳಿಸಿಹಾಕ್ತೀನಿ. ಒಂದು ಗಂಟೆ ಕೆಲಸ."

"ಅಳಿಸಿದ್ರೆ ಹಲ್ಲಿಲ್ಲದೋರ ಗತಿ?" ಅಂದೆ. ನನ್ನ ಕಣ್ಣ ಮುಂದೆ ಪುಟ್ನಂಜಮ್ಮನ ಸೊಟ್ಟ ಬಾಯಿ ಬಂತು. "ಕಳ್ಳತನ ಮಾಡಿದೋರು ಅವರು, ಬೀದೀಲಿ ನಿಲ್ಲೋರು ನಾವಾ? ಅದಾಗಲ್ಲ ಕಣವ್ವ. ಹಾಗೆ ಮಾಡಿದ್ರೆ ನಾಳೇನೇ ಸಂತೇಲಿ ನಿಂತು ಕೂಗಿಬಿಡ್ತೀನಿ."

ಅವಳು ಇನ್ನೊಂದು ದಾರಿ ಹೇಳಿದಳು. ಎಲ್ಲರ ತೊದಲನ್ನೂ ಕ್ಷಮಿಸುವ ಬದಲು, ಆಯಾ ಬಾಗಿಲಿಗೆ ಆಯಾ ಮನೆಯವರ ತೊದಲನ್ನು ಮಾತ್ರ ಹೇಳಿಕೊಡಬೇಕು. ಅದಕ್ಕೆ ಮನೆಮನೆಗೆ ಹೋಗಿ ಒಬ್ಬೊಬ್ಬರ ದನಿಯನ್ನೂ ಕೇಳಿಸಬೇಕು. ವರ್ಷಕ್ಕೊಮ್ಮೆ ಬಾಗಿಲುಗಳ ಕೀಲುಗಳಿಗೆ ಎಣ್ಣೆ ಹಾಕಲು ಕಂಪನಿಯವರು ಬರುವುದುಂಟು. ಆ ನೆಪದಲ್ಲಿ ಹೋಗಬಹುದು. ಆದರೆ ಹೊಸ ಪಾಠ ಊರಿಗೆಲ್ಲ ಒಂದೇ ದಿನ ಜಾರಿಗೆ ಬರಬೇಕು, ಒಂದೊಂದಾಗಿ ಬದಲಾದರೆ ಕಾವಲಿನವರಿಗೆ ವಾಸನೆ ಹತ್ತುತ್ತದೆ. "ಎಷ್ಟು ದಿನ ಕೊಡ್ತೀರಾ ಅವ್ವಾ?"

ನನಗೆ ದಿನ ಲೆಕ್ಕ ಹಾಕಿ ಅಭ್ಯಾಸವಿಲ್ಲ. "ಸಂತೇಲಿ ಅವರೆಕಾಯಿ ಇರೋವರೆಗೂ ಬಾಯಿ ಮುಚ್ಕೊಂಡಿರ್ತೀನಿ. ಮುಗಿದ ಸಂತೆ ದಿನ ಬಾಯಿ ತೆರೀತೀನಿ. ನಿನ್ನ ಕೆಲಸ ಆಗಿರಲಿ, ಆಗದಿರಲಿ." ಅವಳು ಕೈಮುಗಿದಳು. ಅಂದು ರಾತ್ರಿಯೇ ಮೇಷ್ಟ್ರಿಗೂ ಈ ಗಡುವು ತಿಳಿಸಿದೆ.

ಊರಲ್ಲಿ ಹಲ್ಲಿಲ್ಲದವರ, ತೊದಲುವವರ, ಲಕ್ವ ಹೊಡೆದವರ ಮನೆಗಳು ಐವತ್ತೇಳು. ಯಾರ ಬಾಯಲ್ಲಿ ಎಷ್ಟು ಹಲ್ಲಿವೆ ಎಂದು ಪುಟ್ಟಿ ಮಾರುವವಳಿಗಿಂತ ಚೆನ್ನಾಗಿ ಬಲ್ಲವರಾರು? ಬಿಡುವಿನಲ್ಲೆಲ್ಲ ನಾನು ಮುಂದೆ ಪುಟ್ಟಿ ಹೊತ್ತು, ಅವಳು ಹಿಂದೆ ಎಣ್ಣೆ ಗಿಂಡಿ ಹಿಡಿದು ತಿರುಗಿದೆವು. ಮುದುಕರಿಗೆ ಹಬ್ಬ. ಎಷ್ಟೋ ವರ್ಷದ ಮೇಲೆ ಒಬ್ಬರು ಎದುರು ಕೂತು, "ಇನ್ನೊಂದ್ಸಲ ಹೇಳಿ, ನಿಧಾನವಾಗಿ," ಅನ್ನುತ್ತಿದ್ದರು. ಒಬ್ಬ ತಾತ ಹೇಳಿದ್ದನ್ನೇ ಹತ್ತು ಸಲ ಹೇಳಿ, "ನಾಳೆ ಬಾ, ಇವತ್ತು ದನಿ ಸರಿಯಾಗಿಲ್ಲ," ಎಂದು ಕಳಿಸಿದ.

ಪುಟ್ನಂಜಮ್ಮನ ಮನೆಗೆ ಹೋದಾಗ ಅವಳು ವಿಶಾಲುವನ್ನು ಬಿಟ್ಟುಕೊಂಡು ನನ್ನತ್ತ ಊರುಗೋಲು ಚಾಚಿದಳು. "ಕತೇಲಿ ನಾಯಿ ಒಲಗೆ ಬತ್ಬಾಲ್ದು." ಕಚೇರಿ ನಾಯಿ ಒಳಗೆ ಬರಬಾರದು. ನಾನು ಬೀದಿಯ ಕಲ್ಲಿನ ಮೇಲೆ ಕೂತೆ. ಒಳಗೆ ದೊಡ್ಡ ರಗಳೆಯೇ ನಡೆಯಿತು. ಗಂಡನ ಹೆಸರನ್ನು ಪರರ ಮುಂದೆ ಹೇಳುವುದಿಲ್ಲವೆಂದು ಅವಳ ಹಟ. ಕೊನೆಗೆ ವಿಶಾಲು ಕಿವಿಗೆ ಹತ್ತಿ ತುರುಕಿಕೊಂಡು, ಗೋಡೆಗೆ ಮುಖ ಮಾಡಿ ನಿಲ್ಲಬೇಕಾಯಿತು. ಪುಟ್ನಂಜಮ್ಮ ಬಾಗಿಲಿಗೆ ಬಾಯಿ ಹತ್ತಿರ ಮಾಡಿ, ಸೆರಗು ಅಡ್ಡ ಹಿಡಿದು, ಏನೋ ಅಂದಳು. ಹೊರಗೆ ಬಂದ ವಿಶಾಲು, "ಬಾಗಿಲು ನಾಚಿಕೊಂಡಂಗೆ ಇತ್ತು ಅವ್ವಾ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹಾಳೆ ಪುಟ್ಟಿಯ ತಳದಲ್ಲೇ ಇತ್ತು. ಅವಳು ಹತ್ತು ಮಾರು ದೂರದಲ್ಲೇ ಇದ್ದಳು. ನಾನು ಪುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ನಡೆದೆ.

ಅಷ್ಟರಲ್ಲಿ ಮ್ಯಾನೇಜರು ರಂಗಪ್ರಸಾದರಿಗೆ ತಡೆಯಲಾಗಲಿಲ್ಲ. ತಪ್ಪನ್ನು ಕೇಳಿಸಿಕೊಳ್ಳದವರು ಸುದ್ದಿ ಮುಟ್ಟಿಸಲು ಮಾತ್ರ ಚುರುಕು. ಯಾರೋ ಓದು ಬಲ್ಲ ಮುದುಕಿ, ಪುಟ್ಟಿಯಲ್ಲಿ ನಿಮ್ಮ ಕಾಗದ ಇಟ್ಟುಕೊಂಡು ತಿರುಗುತ್ತಿದ್ದಾಳೆ ಎಂದು ಕಾವಲು ಕಚೇರಿಗೆ ಹೇಳಿಬಂದರು. ಮುಖ ಹೇಗಿತ್ತು ಎಂದರೆ ಗೊತ್ತಿಲ್ಲವಂತೆ. ಪುಟ್ಟಿ ಹೊರದ ಮುದುಕಿ ಈ ಊರಲ್ಲಿ ಯಾರಿದ್ದಾರೆ? ಆದರೆ ಓದು ಬಲ್ಲ ಮುದುಕಿಯರು ಕಡಿಮೆ. ಮೇಷ್ಟ್ರು ಸ್ನಾನಕ್ಕೆಂದು ಹೊಳೆಗೆ ಹೋದ ಹೊತ್ತಿಗೆ ಅವರ ಮನೆಯ ಬಾಗಿಲ ಮುಂದೆ ಯಾರೋ ಮೂರು ಸಲ ಗೊಣಗಿ, ಒಂದು ಸಲ ಉಸಿರು ಬಿಟ್ಟಿದ್ದಾರೆ. ರಾತ್ರಿ ಶಾಲೆಯ ಹಾಜರಿ ಪುಸ್ತಕ ಸಾಹೇಬರ ಮೇಜಿನ ಮೇಲೆ ಬಂತು. ಹಿಂದೆಯೇ ಮೇಷ್ಟ್ರನ್ನೂ ಕರೆತಂದು ಕಚೇರಿಯ ಬೆಂಚಿನ ಮೇಲೆ ಕೂರಿಸಿದರು. ಆ ಮುದುಕಿ ಯಾರೆಂದು ಹೇಳುವವರೆಗೂ ಬಿಡುವುದಿಲ್ಲವೆಂದರು.

ಪುಸ್ತಕದ ಹನ್ನೊಂದು ಹೆಸರಿನಲ್ಲಿ ಹತ್ತು ಜನ ಸಿಕ್ಕಿದರು, ಹೊನ್ನಮ್ಮ ಎನ್ನುವವಳನ್ನು ಕಾಣೆವೆಂದು ಹೇಳಿ ಬೈಗುಳ ತಿಂದು ಮನೆಗೆ ಹೋದರು. ಹನ್ನೊಂದನೆಯವಳು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಸಾಹೇಬರು ಪರಸ್ಥಳದವರು, ಪುಸ್ತಕದ ಕನ್ನಡ ಆಡುವವರು. ನನ್ನನ್ನೂ ಕರೆಸಿದರು. "ಹೊನ್ನಮ್ಮ ಅಂತ ಯಾರಾದರೂ ನಿನಗೆ ಗೊತ್ತೇನು? ಹೊನ್ನಮ್ಮ."

ದಫೇದಾರ್ ಕೆಂಚಪ್ಪ ಪಕ್ಕದಲ್ಲೇ ನಿಂತಿದ್ದ. ಅವನು ನಮ್ಮೂರಿನವನೇ. ಅವನ ಮುಖದಿಂದ ಬೆವರು ಇಳಿಯುತ್ತಿತ್ತು. ಅವನಿಗೆ ಗೊತ್ತಾಗಿಹೋಗಿತ್ತು. ಆದರೆ ಬಾಯಿಬಿಟ್ಟರೆ, ಆ ಹಾಳೆಯನ್ನು ನೋಡದೆ ನೆನೆಹಾಕುವ ಬುಟ್ಟಿಗೆ ಹಾಕಿದವನು ಯಾರು ಎಂಬ ಪ್ರಶ್ನೆ ಮೊದಲು ಬರುತ್ತದೆ. "ಈ ಒನ್ನಮ್ಮಂಗೆ ಅ ಆ ಇ ಈನೂ ಬರಾಕಿಲ್ಲ ಸಾರ್, ನಾನೇ ಪರೀಕ್ಸೆ ಮಾಡಿವ್ನಿ," ಅಂದ.

"ಅಂಥೋರು ಯಾರೂ ನಂಗೊತ್ತಿಲ್ಲ ಬುದ್ದಿ," ಅಂದೆ ನಾನು.

ನನ್ನ ಬಾಯಿಂದಲೇ ನನ್ನ ಹೆಸರನ್ನು ಇಲ್ಲವೆನ್ನಿಸಿದೆ. ಎರಡು ವರ್ಷ ಕಷ್ಟಪಟ್ಟು ಕಲಿತ ಉಸಿರು. ತೊಟ್ಟಿಯ ಹತ್ತಿರ ಬಂದು ಕೂತೆ. ಅಲ್ಲಿಂದ ಮೇಷ್ಟ್ರ ಬೆಂಚು ಕಾಣುತ್ತಿತ್ತು. ಅವರು ಯಾರೋ ಅಪರಿಚಿತಳನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು. ಗೋಡೆಗೆ ಅಂಟಿಸೋಣ ಎಂದವರು ಅವರು. ಕಾಯೋಣ ಎಂದ ನನ್ನ ಮಾತಿಗೆ ಅವರು ಬೆಂಚಿನ ಮೇಲೆ ಕೂತಿದ್ದರು. ಇನ್ನೂ ಒಂಬತ್ತು ಮನೆ ಬಾಕಿ ಇದ್ದವು. ಎದ್ದು ಹೋಗಿ, ನಾನೇ ಎಂದುಬಿಡಲೇ ಅನ್ನಿಸಿತು. ನೀರು ಕೊಡುವ ನೆಪದಲ್ಲಿ ಹತ್ತಿರ ಹೋದೆ.

ಮೇಷ್ಟ್ರು ಚೊಂಬು ತೆಗೆದುಕೊಂಡು, ಕಾವಲಿನವನಿಗೂ ಕೇಳುವಂತೆ, "ಸಂತೇಲಿ ಅವರೆಕಾಯಿ ಇನ್ನೂ ಬರ್ತಾ ಇದೆಯೇನಮ್ಮ?" ಅಂದರು.

"ಇನ್ನೊಂದು ವಾರ ಬತ್ತದೆ ಬುದ್ದಿ."

"ಸೊಗಡು ಹೋಗಿರಬೇಕು."

"ಇಲ್ಲ ಬುದ್ದಿ. ಇನ್ನೂ ಐತೆ."

"ಹಾಗಾದ್ರೆ ಪೂರ್ತಿ ಸುಲಿದೇ ಏಳಿ. ಅರ್ಧಕ್ಕೆ ಬಿಡಬೇಡಿ," ಎಂದು ನೀರು ಕುಡಿದು ಚೊಂಬು ಕೊಟ್ಟರು. ನಾನು ತಲೆ ತಗ್ಗಿಸಿ ವಾಪಸು ಬಂದೆ. ಆ ವಾರ ನಾನು ತಿಂದ ಅನ್ನಕ್ಕೆ ರುಚಿ ಇರಲಿಲ್ಲ.

ಒಂಬತ್ತು ಮನೆ ಮುಗಿದವು. ಸಂತೆಯಲ್ಲಿ ಒಬ್ಬಳೇ ಒಬ್ಬಳು ಹಣ್ಣಾಗಿ ಒಣಗಿದ ಕಾಯಿ ಇಟ್ಟುಕೊಂಡು ಕೂತಿದ್ದಳು. ಮುಂದಿನ ಸಂತೆಗೆ ಅವಳೂ ಇರಲಿಲ್ಲ. ಆ ಬೆಳಿಗ್ಗೆ ವಿಶಾಲು ಬಂದು, "ಜಾರಿ ಮಾಡಿದೆ ಅವ್ವಾ. ಇನ್ನು ಯಾವ ಬಾಗಿಲೂ ಆ ಉಸಿರಿಗೆ ಮೋಸ ಹೋಗಲ್ಲ. ಒಂದನ್ನ ಬಿಟ್ಟು," ಅಂದಳು.

"ಯಾವ್ದು?"

"ಕಾವಲು ಕಚೇರಿದೇ. ಉಳಿದವಕ್ಕೆ ಕಂಪನಿಯಿಂದಲೇ ಪಾಠ ಹೋಗುತ್ತೆ, ಅದಕ್ಕೆ ಮಾತ್ರ ಎದುರು ನಿಂತೇ ಹೇಳ್ಕೊಡಬೇಕು. ಎಣ್ಣೆ ಹಾಕ್ತೀವಿ ಅಂತ ನಾಲ್ಕು ಸಲ ಹೋದೆ. ಸಾಹೇಬರು ಹೊಸ್ತಿಲಿಗೂ ಬಿಡಲಿಲ್ಲ. ನಮ್ಮ ಬಾಗಿಲಿಗೆ ಹೊರಗಿನವರು ಕೈ ಹಚ್ಚಬಾರದು, ನಮ್ಮ ಬಾಗಿಲಲ್ಲಿ ಯಾವ ದೋಷವೂ ಇಲ್ಲ ಅಂದ್ರು. ನಮ್ಮ ಮ್ಯಾನೇಜರಂತೂ ಅತ್ತ ತಲೆಯೇ ಹಾಕಬೇಡ ಅಂತ ಬೈದ್ರು. ಏನು ಮಾಡೋಣ ಅವ್ವಾ?"

"ಏನೂ ಮಾಡ್ಬೇಡ," ಅಂದೆ. ಬಹಳ ದಿನದ ಮೇಲೆ ನನಗೆ ನಗು ಬಂತು.

ಸಂತೆ ನೆರೆಯುವುದು ಕಾವಲು ಕಚೇರಿಯ ಮುಂದಿನ ಬಯಲಲ್ಲಿ. ನಡುಹಗಲು, ಜನ ಕಿಕ್ಕಿರಿದಿದ್ದರು. ಊಟದ ಹೊತ್ತು, ಕಚೇರಿಯ ದೊಡ್ಡ ಬಾಗಿಲು ಮುಚ್ಚಿತ್ತು. ನಾನು ಪುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಜನರ ಕಡೆ ತಿರುಗಿದೆ. "ನೋಡ್ರಪ್ಪಾ, ನೋಡ್ರವ್ವಾ. ಈ ಬಾಗಿಲ ಮಾತು ಏನಂತ ನನಗೆ ಗೊತ್ತಿಲ್ಲ." ಕೆಲವರು ನಕ್ಕರು. ಯಾವನೋ ಒಬ್ಬ, "ಒನ್ನಮ್ಮಂಗೆ ಬಿಸ್ಲು ಏರೈತೆ," ಅಂದ. ನಾನು ಹಲ್ಲು ಸೆಟ್ಟನ್ನು ಕಿತ್ತು ಪುಟ್ಟಿಯೊಳಗೆ ಹಾಕಿದೆ. ನಗು ಜೋರಾಯಿತು. ಬಾಗಿಲ ಕಡೆ ತಿರುಗಿ ಬಾಯಿಗೆ ಬಂದದ್ದನ್ನು ಗೊಣಗಿದೆ. ಬದನೆಕಾಯಿ, ಅಂದೆ. ಗುಲಾಬಿ ತೋಟ, ಅಂದೆ. ಒನ್ನಮ್ಮ, ಅಂದೆ. ಬಾಗಿಲು ಮಿಸುಕಲಿಲ್ಲ. ನಾಲ್ಕನೆಯ ಸಲ ಎರಡು ವರ್ಷದಿಂದ ಎದೆಯಲ್ಲಿ ಕೂತಿದ್ದನ್ನೆಲ್ಲ ಸೇರಿಸಿ ಒಂದು ಉಸಿರು ಬಿಟ್ಟೆ.

ಹ—

ಬಾಗಿಲು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ, ಪಾಪ ಯಾರೋ ದಣಿದವರು ಎಂದು, ಎರಡೂ ಕದ ತೆರೆದುಕೊಂಡಿತು.

ಒಳಗೆ ಸಾಹೇಬರು ತಟ್ಟೆಯ ಮುಂದೆ ಕೂತಿದ್ದರು. ಹಿತಕಿದ ಅವರೆಬೇಳೆ ಸಾರು, ಆ ವರ್ಷದ ಕೊನೆಯದಿರಬೇಕು. ಕೈತುತ್ತು ಹಾಗೇ ನಿಂತಿತು. ಆಚೆಗೆ ಬೆಂಚಿನ ಮೇಲೆ ಮೇಷ್ಟ್ರು. ಮೇಜಿನ ಮೇಲೆ ನಮ್ಮ ಹಾಜರಿ ಪುಸ್ತಕ. ನಾನು ಹಲ್ಲು ಸೆಟ್ಟು ಹಾಕಿಕೊಂಡು, ಪುಟ್ಟಿಯ ತಳದಿಂದ ಹಾಳೆ ತೆಗೆದು, ಮೇಲಿಂದ ಕೆಳಗಿನವರೆಗೆ ಓದಿದೆ. ಅವಸರ ಮಾಡಲಿಲ್ಲ. ಬೆರಳಿಟ್ಟೇ ಓದಿದೆ. "ನಲ್ಲಿ ಬೀದಿ, ಮೂರನೇ ಮನೆ. ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಅರ್ಜಿ," ಎಂಬ ಸಾಲಿಗೆ ಬಂದಾಗ ಜನರ ನಡುವಿನಿಂದ ಒಂದು ಊರುಗೋಲಿನ ಸದ್ದು ಕೇಳಿತು. ತಲೆ ಎತ್ತಲಿಲ್ಲ. ಮುಗಿಸಿದ ಮೇಲೆ, "ನಿಮ್ಮ ಬಾಗಿಲುಗಳೆಲ್ಲ ಇವತ್ತು ಬೆಳಿಗ್ಗೆಯಿಂದ ಸರಿಯಾಗಿವೆ. ಹೋಗಿ ಪರೀಕ್ಷೆ ಮಾಡ್ಕೊಳಿ. ತಪ್ಪು ಉಳಿದಿರೋದು ಇಲ್ಲಿ ಮಾತ್ರ," ಅಂದೆ.

ಸಾಹೇಬರು ಎಂಜಲು ಕೈಯಲ್ಲೇ ಎದ್ದು ಬಂದರು. "ನಿನಗೆ ಓದು ಬರೋದಿಲ್ಲ ಅಂತ ಪಟ್ಟಿಯಲ್ಲಿದೆ!"

"ಪಟ್ಟಿ ತಿದ್ಕೊಳಿ ಸಾಹೇಬ್ರೇ. ನೀವು ಹುಡುಕ್ತಿದ್ದ ಹೊನ್ನಮ್ಮ ನಾನೇ. ಹ ಒತ್ವ ಹೊ. ಇಲ್ಲ ಅಂತ ಅವತ್ತು ಸುಳ್ಳು ಹೇಳಿದೆ, ಅದೊಂದು ನನ್ನ ತಪ್ಪು. ಬೇರೆ ಯಾವ ತಪ್ಪೂ ಮಾಡಿಲ್ಲ. ಈಗ ಆ ಮೇಷ್ಟ್ರನ್ನ ಮನೆಗೆ ಕಳಿಸಿ."

ಸಾಹೇಬರು ಬಾಗಿಲು ಮುಚ್ಚುವಂತೆ ಕೆಂಚಪ್ಪನಿಗೆ ಕೂಗಿದರು. ಕೆಂಚಪ್ಪ ಕದ ಎಳೆದ. ಯಾರೋ ಹುರಿಗಡಲೆ ಮಾರುವವಳು ಮೆಟ್ಟಿಲ ಕೆಳಗಿನಿಂದ ಉಂ ಉಂ ಉಂ ಎಂದು ಗೊಣಗಿ ಒಂದು ಉಸಿರು ಬಿಟ್ಟಳು. ಕದ ತೆರೆದುಕೊಂಡಿತು. ಮತ್ತೆ ಎಳೆದ. ಈ ಸಲ ಇಪ್ಪತ್ತು ಮಂದಿ ಗೊಣಗಿದರು. ನಾಲ್ಕನೆಯ ಸಲ ಸಂತೆಗೆ ಸಂತೆಯೇ ತುಟಿ ಮಡಚಿಕೊಂಡು ನಿಂತಿತ್ತು. ಆ ಬಾಗಿಲು ಎಲ್ಲರನ್ನೂ ಕ್ಷಮಿಸಿತು. ಮೇಷ್ಟ್ರು ಬೆಂಚಿನಿಂದ ಎದ್ದು, ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಯಾರನ್ನೂ ಕೇಳದೆ ನಡೆದುಕೊಂಡು ಹೊರಗೆ ಬಂದರು.

ಮೆಟ್ಟಿಲ ಕೆಳಗೆ ಪುಟ್ನಂಜಮ್ಮ ನಿಂತಿದ್ದಳು. ನನ್ನ ಕೈಯಿಂದ ಪುಟ್ಟಿಯನ್ನು ಕಿತ್ತುಕೊಂಡು ತನ್ನ ಸೊಂಟಕ್ಕೆ ಇಟ್ಟುಕೊಂಡಳು. ಸೊಟ್ಟ ಬಾಯಿಯನ್ನು ಕಷ್ಟಪಟ್ಟು ತೆರೆದು ನನ್ನ ಹೆಸರು ಹೇಳಲು ನೋಡಿದಳು. ಅಕ್ಷರ ಯಾವುದೂ ಬರಲಿಲ್ಲ, ಬರೀ ಉಸಿರು ಬಂತು. ನನ್ನ ಕೆನ್ನೆಗೆ ಬಿಸಿಯಾಗಿ ತಾಗಿತು.

ಈಗ ನನಗೆ ಕಚೇರಿಯ ಕೆಲಸವಿಲ್ಲ. ವಿಶಾಲು ಕಂಪನಿಯಲ್ಲಿ ಇನ್ನೂ ಇದ್ದಾಳೆ. ಅವಳನ್ನು ಬಿಟ್ಟರೆ ಬಾಗಿಲುಗಳ ಪಾಠ ಬಲ್ಲವರು ಅವರಲ್ಲಿ ಬೇರೆ ಇಲ್ಲ. ಕಂಪನಿಯ ಗೋಡೆಯ ಮೇಲೆ, ತಪ್ಪು ಕಂಡವರು ಯಾರೇ ಆಗಲಿ ಬಂದು ಹೇಳಬಹುದು ಎಂದು ಬೋರ್ಡು ಹಾಕಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಕದ್ದ ಕಾಗದ ತರಬಾರದು ಎಂದೂ ಇದೆ. ಸಣ್ಣ ಅಕ್ಷರವನ್ನೂ ಓದುತ್ತೇನೆ ನಾನು. ನಿನ್ನೆ ನ್ಯಾಯಸ್ಥಾನದಿಂದ ಕಾಗದ ಬಂತು. ಸರ್ಕಾರದ ಹಾಳೆ ಕದ್ದವಳೆಂದು ಬರುವ ತಿಂಗಳು ಹಾಜರಾಗಬೇಕಂತೆ. ಪುಟ್ನಂಜಮ್ಮ ನಿನ್ನೆಯಿಂದ ಊರುಗೋಲು ಕುಟ್ಟುತ್ತಿದ್ದಾಳೆ, ಅವಳೂ ಬರುತ್ತಾಳಂತೆ. ಬರಲಿ, ಹೋಗೋಣ. ಕಾಗದವನ್ನು ನಾನು ಹರಿಯಲಿಲ್ಲ, ನೆನೆಹಾಕಲೂ ಇಲ್ಲ. ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನೆ. ಕದ್ದವಳು ಎಂದು ಬರೆದರೆ ಬರೆದುಕೊಳ್ಳಲಿ. ಹೆಸರಿನ ಜಾಗದಲ್ಲಿ ಬೆರಳಿಟ್ಟು ಎರಡೆರಡು ಸಲ ನೋಡಿದೆ. ಹಕಾರ ಇದೆ.